ಕೇಳಿ ಪಡೆದದ್ದು ಯಾರದು?

ಕೆನಡಾದ ಮೂಲನಿವಾಸಿಗಳ ಆರೋಗ್ಯವನ್ನು ಕಲಿಸುವ, ಅದರ ಬಗ್ಗೆ ಸಂಶೋಧನೆ ಮಾಡುವ ಕೆಲಸ: ತಪ್ಪು ಕಲ್ಪನೆ ಮತ್ತು ವಾಸ್ತವ

ಯುಗಾದಿ ಹೊತ್ತಿಗೆ ವಿನಿಪೆಗ್‌ನಲ್ಲಿ ಇನ್ನೂ ಹಿಮ ಕರಗಿರುವುದಿಲ್ಲ. ತೋರಣದ ಮಾವಿನೆಲೆ ಪ್ಲಾಸ್ಟಿಕ್ಕಿನದು, ಬೇವು ಯಾರದೋ ಫ್ರಿಜ್ಜಿನಲ್ಲಿ ಒಣಗಿ ಉಳಿದದ್ದು, ಬೆಲ್ಲ ಮಾತ್ರ ಊರಿನದು. ಅಂಥ ಒಂದು ಹಬ್ಬದೂಟದಲ್ಲಿ, ಮಗನ ಮನೆಗೆಂದು ದಾವಣಗೆರೆಯಿಂದ ಬಂದಿದ್ದ ಹಿರಿಯರೊಬ್ಬರು ನನ್ನ ಪಕ್ಕ ಕೂತಿದ್ದರು.

“ಏನಮ್ಮ, ಯೂನಿವರ್ಸಿಟಿಯಲ್ಲಿ ಪಾಠ ಮಾಡ್ತೀಯಂತೆ. ಯಾವ ಸಬ್ಜೆಕ್ಟು?”

“ಇಲ್ಲಿನ ಮೂಲನಿವಾಸಿಗಳ ಆರೋಗ್ಯ, ಅಂಕಲ್.”

“ಅಂದ್ರೆ ರೆಡ್ ಇಂಡಿಯನ್ನರ ನಾಟಿ ಔಷಧಿ! ಒಳ್ಳೇದಾಯ್ತು ಬಿಡು, ನಮ್ಮ ಆಯುರ್ವೇದ ಇದ್ದ ಹಾಗೆ.”

ಅವರು ಪ್ರೀತಿಯಿಂದಲೇ ಹೇಳಿದ್ದರು. ಇದೇ ಮಾತನ್ನು ನಮ್ಮವರ ಬಾಯಲ್ಲಿ ನಾನು ಎಷ್ಟೋ ಸಲ ಕೇಳಿದ್ದೇನೆ. ಇಲ್ಲೇ ಹುಟ್ಟಿ ಬೆಳೆದ ವಿದ್ಯಾರ್ಥಿಗಳೂ ಮೊದಲ ದಿನದ ತರಗತಿಗೆ ಇಂಥದ್ದೇ ಹತ್ತು ನಂಬಿಕೆ ಹೊತ್ತು ಬರುತ್ತಾರೆ. ಒಂದು ಊಟದ ಹೊತ್ತಿನಲ್ಲಿ ಉತ್ತರಿಸಿ ಮುಗಿಸುವಂಥದ್ದಲ್ಲ ಇದು. ಆವತ್ತು ಅವರಿಗೆ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಮಾತು. ‘ರೆಡ್ ಇಂಡಿಯನ್’ ಎನ್ನುವುದನ್ನು ಬಿಟ್ಟುಬಿಡೋಣ. ದಾರಿ ತಪ್ಪಿದ ನಾವಿಕನೊಬ್ಬ ನಮ್ಮ ದೇಶದ ಹೆಸರನ್ನು ಅವರಿಗೆ ಅಂಟಿಸಿದ. 1876ರ ಇಂಡಿಯನ್ ಆಕ್ಟ್ ಎಂಬ ಕಾನೂನಿನಲ್ಲಿ ಆ ಹೆಸರು ಇವತ್ತಿಗೂ ಉಳಿದಿದೆ, ಕಾನೂನೂ ಜಾರಿಯಲ್ಲಿದೆ. ಅವರು ತಮ್ಮನ್ನು ಕರೆದುಕೊಳ್ಳುವುದು ಕ್ರೀ, ಅನಿಶಿನಾಬೆ, ಡೆನೆ, ಮೋಹಾಕ್ ಎಂದು ಆಯಾ ಜನಾಂಗದ ಹೆಸರಿನಿಂದ. ಒಟ್ಟಾಗಿ ಹೇಳುವಾಗ ಫಸ್ಟ್ ನೇಷನ್ಸ್, ಇನ್ಯೂಯಿಟ್, ಮೇಟಿ ಎಂಬ ಮೂರು ಗುಂಪು.

ತಪ್ಪು ಕಲ್ಪನೆ: ಇದು ಬೇರು-ನಾರಿನ ಔಷಧಿಯ ಪಾಠ.

ವಾಸ್ತವ: ಔಷಧಿ ಇದೆ. ಆದರೆ ನನ್ನ ತರಗತಿಯ ಬಹುಪಾಲು ಹೊತ್ತು ಹೋಗುವುದು ಕಾನೂನು, ನೀರು, ಮನೆ, ಶಾಲೆ, ಹಣ ಯಾರ ಕೈಯಲ್ಲಿದೆ ಎನ್ನುವುದರ ಮೇಲೆ. ಜನ ಕಾಯಿಲೆ ಬೀಳುವುದು ಅಲ್ಲಿ.

ಜೋರ್ಡನ್ ರಿವರ್ ಆ್ಯಂಡರ್ಸನ್ ಎಂಬ ಮಗುವಿನಿಂದ ನಾನು ಪಾಠ ಶುರುಮಾಡುತ್ತೇನೆ. ಮ್ಯಾನಿಟೋಬಾದ ನಾರ್ವೇ ಹೌಸ್ ಕ್ರೀ ಸಮುದಾಯದ ಮಗು, 1999ರಲ್ಲಿ ಅಪರೂಪದ ಕಾಯಿಲೆಯೊಂದಿಗೆ ಹುಟ್ಟಿದ್ದು. ಎರಡು ವರ್ಷವಾದಾಗ, ಇನ್ನು ಆಸ್ಪತ್ರೆಯಲ್ಲಿ ಇರಬೇಕಿಲ್ಲ, ಮನೆಯಲ್ಲೇ ನೋಡಿಕೊಳ್ಳಬಹುದು ಎಂದು ವೈದ್ಯರು ಹೇಳಿದರು. ಬೇರೆ ಯಾವ ಮಗುವಾಗಿದ್ದರೂ ಮನೆಯ ಆರೈಕೆಯ ಖರ್ಚನ್ನು ಪ್ರಾಂತ್ಯದ ಸರ್ಕಾರ ಕೊಡುತ್ತಿತ್ತು. ಫಸ್ಟ್ ನೇಷನ್ಸ್ ಮಗುವಾದ್ದರಿಂದ ‘ಇದು ಕೇಂದ್ರದ ಹೊಣೆ’ ಎಂದು ಪ್ರಾಂತ್ಯ, ‘ಇದು ಪ್ರಾಂತ್ಯದ ಹೊಣೆ’ ಎಂದು ಕೇಂದ್ರ ಎರಡು ವರ್ಷಕ್ಕೂ ಮೇಲೆ ವಾದ ಮಾಡುತ್ತ ಕೂತವು. 2005ರಲ್ಲಿ, ಐದನೆಯ ವಯಸ್ಸಿನಲ್ಲಿ, ಜೋರ್ಡನ್ ಆಸ್ಪತ್ರೆಯಲ್ಲೇ ತೀರಿಕೊಂಡ. ಒಂದು ದಿನವೂ ಒಂದು ಮನೆಯಲ್ಲಿ ಮಲಗಿ ಏಳದ ಮಗು. ‘ಮೊದಲು ಮಗುವಿಗೆ ಬೇಕಾದ್ದನ್ನು ಕೊಡಿ, ಬಿಲ್ ಯಾರದು ಎಂದು ಆಮೇಲೆ ಜಗಳವಾಡಿ’ ಎನ್ನುವ ‘ಜೋರ್ಡನ್ ನಿಯಮ’ವನ್ನು 2007ರಲ್ಲಿ ಸಂಸತ್ತಿನ ಕೆಳಮನೆ ಒಪ್ಪಿತು. ಒಪ್ಪಿದ್ದು ನಡೆಯಲಿಲ್ಲ. ಗಿಟ್ಕ್ಸಾನ್ ಜನಾಂಗದ ಸಿಂಡಿ ಬ್ಲಾಕ್‌ಸ್ಟಾಕ್ ಮುಂದೆ ನಿಂತು ಮಾನವ ಹಕ್ಕುಗಳ ನ್ಯಾಯಮಂಡಳಿಯಲ್ಲಿ ಹೋರಾಡಿದರು. ಕೇಂದ್ರ ಸರ್ಕಾರ ಈ ಮಕ್ಕಳಿಗೆ ತಾರತಮ್ಯ ಮಾಡುತ್ತಿದೆ ಎಂದು 2016ರಲ್ಲಿ ತೀರ್ಪು ಬಂತು. ಬ್ಲಾಕ್‌ಸ್ಟಾಕ್ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿ. ಈ ಕ್ಷೇತ್ರದಲ್ಲಿ ಮೇಷ್ಟರ ಕೆಲಸ ಕರಿಹಲಗೆಯ ಹತ್ತಿರ ಮುಗಿಯುವುದಿಲ್ಲ ಎನ್ನಲು ಅವರಿಗಿಂತ ದೊಡ್ಡ ನಿದರ್ಶನ ನನಗೆ ಗೊತ್ತಿಲ್ಲ.

ಇನ್ನು ಔಷಧಿಯ ವಿಷಯ. 1885ರಿಂದ 1951ರವರೆಗೆ ಈ ಜನರ ಮುಖ್ಯ ಆಚರಣೆಗಳು ಕಾನೂನಿನ ಪ್ರಕಾರ ಅಪರಾಧವಾಗಿದ್ದವು. ಚಿಕಿತ್ಸೆಯ ತಿಳಿವಳಿಕೆ ಉಳಿದದ್ದು ಕದ್ದುಮುಚ್ಚಿ, ಅಜ್ಜಿಯಿಂದ ಮೊಮ್ಮಗಳಿಗೆ. ಹಾಗೆ ಉಳಿಸಿಕೊಂಡದ್ದನ್ನು ಪವರ್‌ಪಾಯಿಂಟ್ ಮಾಡಿ ಹಂಚುವ ಹಕ್ಕು ನನಗಿಲ್ಲ. ತರಗತಿಗೆ ಹಿರಿಯರು ಬಂದಾಗ ಏನನ್ನು ಹೇಳಬೇಕು, ಏನನ್ನು ಹೇಳಬಾರದು ಎಂದು ನಿರ್ಧರಿಸುವವರು ಅವರು. ಕ್ರೀ ಮತ್ತು ಅನಿಶಿನಾಬೆ ಹಿರಿಯರನ್ನು ಕರೆಯಲು ಹೋದಾಗ ಒಂದು ಚಿಟಿಕೆ ತಂಬಾಕನ್ನು ಬಟ್ಟೆಯಲ್ಲಿ ಕಟ್ಟಿ ಕೊಟ್ಟು ಕೇಳಿಕೊಳ್ಳುತ್ತೇನೆ. ಎಲೆ-ಅಡಿಕೆ ಕೊಟ್ಟು ಕರೆಯುವ ನಾಡಿನಿಂದ ಬಂದವಳಿಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ. ಅವರು ತಂಬಾಕನ್ನು ತೆಗೆದುಕೊಳ್ಳದಿದ್ದರೆ ಬರುವುದಿಲ್ಲ ಎಂದರ್ಥ. ಕಾರಣ ಕೇಳುವಂತಿಲ್ಲ.

ಅವರ ತಿಳಿವಳಿಕೆ, ವಿಶ್ವವಿದ್ಯಾಲಯದ ತಿಳಿವಳಿಕೆ ಎರಡೂ ಕೂಡುವುದೇ ಇಲ್ಲ ಎಂದಲ್ಲ. ಮಿಗ್ಮಾ ಜನಾಂಗದ ಆಲ್ಬರ್ಟ್ ಮತ್ತು ಮರ್ಡೀನಾ ಮಾರ್ಷಲ್ ದಂಪತಿ, ಕೇಪ್ ಬ್ರೆಟನ್ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಶೆರಿಲ್ ಬಾರ್ಟ್‌ಲೆಟ್ ಜೊತೆ ಸೇರಿ, 2004ರಲ್ಲಿ ‘ಎರಡು ಕಣ್ಣಿನ ನೋಟ’ ಎಂಬ ಮಾತನ್ನು ಮುಂದಿಟ್ಟರು. ಒಂದು ಕಣ್ಣಿಗೆ ಮೂಲನಿವಾಸಿಗಳ ಅರಿವಿನ ಬಲ, ಇನ್ನೊಂದಕ್ಕೆ ಪಾಶ್ಚಾತ್ಯ ವಿಜ್ಞಾನದ ಬಲ. ಒಂದನ್ನು ಇನ್ನೊಂದರಲ್ಲಿ ಕಲಸದೆ, ಎರಡನ್ನೂ ತೆರೆದುಕೊಂಡೇ ನೋಡಬೇಕು. ಕೇಳಲು ಸುಲಭ, ಮಾಡಲು ಕಷ್ಟ. ಹಣ ಕೊಡುವ ಸಂಸ್ಥೆಗೆ ಅರ್ಜಿ ಬರೆಯುವಾಗ ಒಂದು ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತದೆ.

ತಪ್ಪು ಕಲ್ಪನೆ: ‘ವೆಲ್‌ನೆಸ್’ ಅಂದರೆ ಧ್ಯಾನ, ಮಸಾಜು, ಮನಸ್ಸಿನ ನೆಮ್ಮದಿ.

ವಾಸ್ತವ: ಈ ಪದವನ್ನು ಅಂಗಡಿಯವರು ಎಷ್ಟು ಸವೆಸಿದ್ದಾರೆಂದರೆ ಅದನ್ನು ಬಳಸಲು ನನಗೇ ಹಿಂಜರಿಕೆ. ಅನಿಶಿನಾಬೆ ಭಾಷೆಯಲ್ಲಿ ‘ಮಿನೋ-ಬಿಮಾದಿಜಿವಿನ್’ ಎನ್ನುತ್ತಾರೆ, ಒಳ್ಳೆಯ ಬಾಳು. ಅದು ಒಬ್ಬರ ಮೈಯೊಳಗೆ ಇರುವಂಥದ್ದಲ್ಲ. ನೆಲ, ನೀರು, ನೆಂಟರು, ಭಾಷೆ ಇವೆಲ್ಲದರ ಜೊತೆ ಸರಿಯಾಗಿ ಇರುವುದು. ನಮ್ಮ ‘ಸ್ವಸ್ಥ’ ಪದವನ್ನು ಬಿಡಿಸಿ ನೋಡಿ: ತನ್ನದರಲ್ಲಿ ತಾನು ನಿಂತಿರುವುದು. ಸ್ವಾಸ್ಥ್ಯ ಎಂಬ ಪದವೇ ಆ ಅನಿಶಿನಾಬೆ ಮಾತಿಗೆ ಹೆಚ್ಚು ಹತ್ತಿರ ಎಂದು ನನಗೆ ಅನ್ನಿಸುತ್ತದೆ.

ಇದು ಬರೀ ಮಾತಲ್ಲ, ಲೆಕ್ಕಕ್ಕೂ ಸಿಕ್ಕಿದೆ. ಮೈಕೆಲ್ ಚಾಂಡ್ಲರ್ ಮತ್ತು ಕ್ರಿಸ್ಟೋಫರ್ ಲಲಾಂಡ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಬ್ರಿಟಿಷ್ ಕೊಲಂಬಿಯಾದ ಸುಮಾರು 200 ಫಸ್ಟ್ ನೇಷನ್ಸ್ ಸಮುದಾಯಗಳಲ್ಲಿ ಯುವಜನರ ಆತ್ಮಹತ್ಯೆಯನ್ನು ಅಧ್ಯಯನ ಮಾಡಿ 1998ರಲ್ಲಿ ಪ್ರಕಟಿಸಿದರು. ‘ಮೂಲನಿವಾಸಿಗಳಲ್ಲಿ ಆತ್ಮಹತ್ಯೆ ವಿಪರೀತ’ ಎಂದು ಎಲ್ಲರೂ ಹೇಳುತ್ತಿದ್ದ ಕಾಲ. ಅವರು ಆ ಸರಾಸರಿಯನ್ನು ಬಿಡಿಸಿ, ಊರೂರನ್ನೂ ಬೇರೆ ಬೇರೆಯಾಗಿ ನೋಡಿದರು. ಐದು ವರ್ಷದ ಅವಧಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸಮುದಾಯಗಳಲ್ಲಿ ಯುವಜನರ ಒಂದು ಆತ್ಮಹತ್ಯೆಯೂ ನಡೆದಿರಲಿಲ್ಲ. ಸಾವುಗಳಲ್ಲಿ ಹೆಚ್ಚಿನವು ಕೆಲವೇ ಕಡೆ ಗುಡ್ಡೆಯಾಗಿದ್ದವು. ವ್ಯತ್ಯಾಸ ಎಲ್ಲಿತ್ತು? ನೆಲದ ಹಕ್ಕಿಗಾಗಿ ನಡೆಸಿದ ಹೋರಾಟ, ಸ್ವಂತ ಆಡಳಿತ, ಶಾಲೆ, ಆರೋಗ್ಯ ಸೇವೆ, ಪೊಲೀಸ್ ಮತ್ತು ಅಗ್ನಿಶಾಮಕ ವ್ಯವಸ್ಥೆ, ಆಚರಣೆಗಳಿಗೊಂದು ಜಾಗ: ಈ ಆರೂ ಸಮುದಾಯದ ಕೈಯಲ್ಲೇ ಇದ್ದ ಕಡೆ ಆತ್ಮಹತ್ಯೆ ಸೊನ್ನೆ. ಒಂದೂ ಇಲ್ಲದ ಕಡೆ ಅತಿ ಹೆಚ್ಚು.

2007ರಲ್ಲಿ ಅದೇ ಸಂಶೋಧಕರು ಡಾರ್ಸಿ ಹ್ಯಾಲೆಟ್ ಜೊತೆ ಸೇರಿ ಭಾಷೆಯನ್ನು ನೋಡಿದರು. ಸಮುದಾಯದ ಅರ್ಧದಷ್ಟಾದರೂ ಜನಕ್ಕೆ ತಮ್ಮ ನುಡಿಯಲ್ಲಿ ಮಾತಾಡಲು ಬರುತ್ತಿದ್ದ ಕಡೆ ಯುವಜನರ ಆತ್ಮಹತ್ಯೆ ತೀರಾ ಕಡಿಮೆ. ಈ ಪಾಠ ಮಾಡುವ ದಿನ ನಾನು ಸ್ವಲ್ಪ ಹೊತ್ತು ಸುಮ್ಮನಾಗುತ್ತೇನೆ. ಇಂಥ ಅಧ್ಯಯನ ಭಾಷೆಯೇ ಜೀವ ಉಳಿಸಿತು ಎಂದು ಸಾಬೀತು ಮಾಡುವುದಿಲ್ಲ, ಎರಡೂ ಜೊತೆಯಲ್ಲಿ ಕಂಡವು ಎಂದಷ್ಟೇ ಹೇಳುತ್ತದೆ. ಅದನ್ನು ವಿದ್ಯಾರ್ಥಿಗಳಿಗೆ ಒತ್ತಿ ಹೇಳುತ್ತೇನೆ. ಆದರೂ ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಪಾಠ ಮಾಡುವವಳ ಗಂಟಲು ಆವತ್ತು ಕಟ್ಟುತ್ತದೆ.

ತಪ್ಪು ಕಲ್ಪನೆ: ಸಕ್ಕರೆ ಕಾಯಿಲೆ ಅವರ ರಕ್ತದಲ್ಲೇ ಇದೆ.

ವಾಸ್ತವ: ಇದಕ್ಕೆ ವಿಜ್ಞಾನದ ಮೂಲವೂ ಇದೆ. 1962ರಲ್ಲಿ ಜೇಮ್ಸ್ ನೀಲ್ ಎಂಬ ತಳಿವಿಜ್ಞಾನಿ ‘ಮಿತವ್ಯಯದ ಜೀನ್’ ಎಂಬ ಊಹೆಯನ್ನು ಮುಂದಿಟ್ಟರು. ಬರಗಾಲದಲ್ಲಿ ಉಳಿಸಿದ ಮೈಗುಣವೇ ತಿನ್ನಲು ಸಿಗುವ ಕಾಲದಲ್ಲಿ ಸಕ್ಕರೆ ಕಾಯಿಲೆಯಾಗುತ್ತದೆ ಎಂಬುದು ತಿರುಳು. ನೀಲ್ ಅವರೇ ಮುಂದೆ ಅದನ್ನು ತಿದ್ದಿಕೊಂಡರು. ಆದರೆ ಊಹೆ ಮಾತ್ರ ವೈದ್ಯರ ಬಾಯಿಂದ ಬಾಯಿಗೆ ಹೋಗಿ, ‘ನಿಮ್ಮ ಹಣೆಬರಹ’ ಎನ್ನುವ ಮಟ್ಟಕ್ಕೆ ಬಂತು. 1940ಕ್ಕೆ ಮೊದಲು ಈ ಜನರಲ್ಲಿ ಸಕ್ಕರೆ ಕಾಯಿಲೆ ಅಪರೂಪವಾಗಿತ್ತು. ಒಂದೆರಡು ತಲೆಮಾರಿನಲ್ಲಿ ರಕ್ತ ಬದಲಾಗುವುದಿಲ್ಲ. ಬದಲಾದದ್ದು ಊಟ, ನೆಲ, ಬಾಲ್ಯ.

ಬಾಲ್ಯದ ವಿಷಯ ಹೇಳಲೇಬೇಕು. ಸುಮಾರು 1,50,000 ಮಕ್ಕಳನ್ನು ತಾಯ್ತಂದೆಯರಿಂದ ಬಿಡಿಸಿ, ಸರ್ಕಾರದ ಹಣದಲ್ಲಿ ಚರ್ಚುಗಳು ನಡೆಸುತ್ತಿದ್ದ ವಸತಿ ಶಾಲೆಗಳಿಗೆ ಹಾಕಿದರು. ಅಲ್ಲಿ ಹಸಿವು ದಿನಚರಿಯ ಭಾಗ. ಇಯಾನ್ ಮೊಸ್ಬಿ ಎಂಬ ಇತಿಹಾಸಕಾರ 2013ರಲ್ಲಿ ಬಯಲಿಗೆ ತಂದ ದಾಖಲೆಗಳು ಇಡೀ ದೇಶವನ್ನು ತಲ್ಲಣಗೊಳಿಸಿದವು. 1942ರಿಂದ 1952ರವರೆಗೆ ಸರ್ಕಾರದ ಪೋಷಣಾ ತಜ್ಞರು ಉತ್ತರ ಮ್ಯಾನಿಟೋಬಾದ ಕ್ರೀ ಊರುಗಳಲ್ಲಿ, ಆಮೇಲೆ ಆರು ವಸತಿ ಶಾಲೆಗಳಲ್ಲಿ, ಹಸಿದ ಜನರ ಮೇಲೆ ಪ್ರಯೋಗ ಮಾಡಿದ್ದರು. ಕೆಲವರಿಗೆ ವಿಟಮಿನ್ ಗುಳಿಗೆ, ಕೆಲವರಿಗೆ ಇಲ್ಲ. ಒಂದು ಶಾಲೆಯಲ್ಲಿ ಮಕ್ಕಳಿಗೆ ಬೇಕಾದ ಹಾಲಿನ ಅರ್ಧಕ್ಕಿಂತ ಕಡಿಮೆಯನ್ನೇ ಎರಡು ವರ್ಷ ಕೊಟ್ಟರು, ಆಮೇಲೆ ಹೆಚ್ಚಿಸಿದಾಗ ಏನಾಗುತ್ತದೆಂದು ಹೋಲಿಸಿ ನೋಡಲು. ಮಕ್ಕಳು ಹಸಿದಿದ್ದಾರೆ ಎಂದು ಗೊತ್ತಿತ್ತು. ಊಟ ಕೊಡುವುದರ ಬದಲು ಅಳತೆ ಮಾಡಿದರು.

2017ರಲ್ಲಿ ಮೊಸ್ಬಿ ಮತ್ತು ಟ್ರೇಸಿ ಗ್ಯಾಲೋವೇ ಮುಂದಿನ ಹೆಜ್ಜೆ ಇಟ್ಟರು. ಬಾಲ್ಯದ ದೀರ್ಘ ಹಸಿವು ಮೈಯ ಬೆಳವಣಿಗೆಯನ್ನೇ ತಿರುಗಿಸಿ, ನಡುವಯಸ್ಸಿನಲ್ಲಿ ಸಕ್ಕರೆ ಕಾಯಿಲೆಗೆ ದಾರಿ ಮಾಡುತ್ತದೆ, ವಸತಿ ಶಾಲೆಯ ಹಸಿವನ್ನು ಹಾಗೆ ಓದಬೇಕು ಎಂದು ವಾದಿಸಿದರು. ಈ ವಿಚಾರದ ದಾರಿಯಲ್ಲಿ ಮೈಸೂರಿನದೂ ಒಂದು ಮೆಟ್ಟಿಲಿದೆ. ಮೈಸೂರಿಗರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ ಎಲ್ಲ ಬರೆದಿಟ್ಟಿದ್ದರು. ಆ ಕೂಸುಗಳನ್ನು ದಶಕಗಳ ನಂತರ ಮೈಸೂರಿನಲ್ಲೇ ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕವಿದ್ದು ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಎಂದು ಕಂಡಿತು. 1996ರಲ್ಲಿ ಪ್ರಕಟವಾದ ಆ ಪೇಪರನ್ನು ನಾನು ವಿನಿಪೆಗ್‌ನಲ್ಲಿ ಓದಿಸುತ್ತೇನೆ. ನರ್ಸೊಬ್ಬಳು ಶಾಯಿಯಲ್ಲಿ ಬರೆದಿಟ್ಟ ಲೆಕ್ಕ ಅರುವತ್ತು ವರ್ಷ ಕಾದು ಮಾತಾಡಿತು ಎಂದು ಹೇಳುವಾಗ ನನಗೆ ಊರಿನ ಬಗ್ಗೆ ಹೆಮ್ಮೆಯಾಗುತ್ತದೆ.

ತಪ್ಪು ಕಲ್ಪನೆ: ಅವರೆಲ್ಲ ದೂರದ ಕಾಡು, ಹಿಮಗಾಡಿನಲ್ಲಿ ಇರುವವರು.

ವಾಸ್ತವ: 2021ರ ಜನಗಣತಿಯಂತೆ ಕೆನಡಾದಲ್ಲಿ ಮೂಲನಿವಾಸಿಗಳು ಸುಮಾರು 18 ಲಕ್ಷ, ಜನಸಂಖ್ಯೆಯ ಶೇ. 5. ಅವರಲ್ಲಿ 8 ಲಕ್ಷ ಜನ ದೊಡ್ಡ ನಗರಗಳಲ್ಲಿದ್ದಾರೆ. ವಿನಿಪೆಗ್ ಒಂದರಲ್ಲೇ ಒಂದು ಲಕ್ಷಕ್ಕೂ ಮೇಲೆ. ಬಸ್ಸಿನಲ್ಲಿ ನನ್ನ ಪಕ್ಕ ಕೂರುವವರು, ನನ್ನ ವಿಭಾಗದಲ್ಲಿ ನನಗಿಂತ ಹಿರಿಯ ಪ್ರಾಧ್ಯಾಪಕರು ಕೂಡ.

ತಪ್ಪು ಕಲ್ಪನೆ: ಕೆನಡಾದಲ್ಲಿ ಚಿಕಿತ್ಸೆ ಎಲ್ಲರಿಗೂ ಉಚಿತ. ಇನ್ನೇನು ಸಮಸ್ಯೆ?

ವಾಸ್ತವ: ಬಾಗಿಲು ತೆರೆದಿರುವುದು ಬೇರೆ, ಒಳಗೆ ಬಂದವರನ್ನು ಯಾರಾದರೂ ನೋಡುವುದು ಬೇರೆ. 2008ರ ಸೆಪ್ಟೆಂಬರಿನಲ್ಲಿ ಬ್ರಯನ್ ಸಿಂಕ್ಲೇರ್ ಎಂಬ 45 ವರ್ಷದ ಅನಿಶಿನಾಬೆ ವ್ಯಕ್ತಿ ಮೂತ್ರದ ಸೋಂಕಿನಿಂದ ವಿನಿಪೆಗ್‌ನ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದರು. ಎರಡೂ ಕಾಲಿಲ್ಲದವರು, ಗಾಲಿ ಕುರ್ಚಿಯಲ್ಲಿದ್ದರು. ಕಾಯುವ ಕೋಣೆಯಲ್ಲಿ 34 ಗಂಟೆ ಕಳೆಯಿತು. ಕುಡಿದಿದ್ದಾನೆ, ಚಳಿಗೆ ಒಳಗೆ ಬಂದಿದ್ದಾನೆ ಎಂದುಕೊಂಡು ದಾಟಿ ಹೋದವರು ಹಲವರು. ಕೊನೆಗೆ ಯಾರೋ ಗಮನಿಸುವ ಹೊತ್ತಿಗೆ ತೀರಿಕೊಂಡು ಗಂಟೆಗಳೇ ಆಗಿದ್ದವು. 2020ರಲ್ಲಿ ಕ್ವಿಬೆಕ್‌ನ ಜೋಲಿಯೆಟ್‌ನಲ್ಲಿ ಏಳು ಮಕ್ಕಳ ತಾಯಿ, ಅಟಿಕಮೆಕ್ ಜನಾಂಗದ ಜಾಯ್ಸ್ ಎಚಕ್ವಾನ್, ಆಸ್ಪತ್ರೆಯ ಹಾಸಿಗೆಯಲ್ಲಿ ಸಿಬ್ಬಂದಿ ತನ್ನನ್ನು ಹೀಯಾಳಿಸುತ್ತಿದ್ದುದನ್ನು ಫೋನಿನಲ್ಲಿ ನೇರ ಪ್ರಸಾರ ಮಾಡಿದರು. ಅದೇ ದಿನ ಪ್ರಾಣ ಬಿಟ್ಟರು.

ಇಂಥ ನರ್ಸು, ವೈದ್ಯರನ್ನು ತಯಾರು ಮಾಡಿದ್ದು ಕಾಲೇಜುಗಳೇ ಅಲ್ಲವೆ? ವಸತಿ ಶಾಲೆಗಳ ಬಗ್ಗೆ ವಿಚಾರಣೆ ನಡೆಸಿದ ಸತ್ಯ ಮತ್ತು ಸಾಮರಸ್ಯ ಆಯೋಗ 2015ರಲ್ಲಿ 94 ಕರೆಗಳನ್ನು ಕೊಟ್ಟಿತು. ಪ್ರತಿ ವೈದ್ಯಕೀಯ, ನರ್ಸಿಂಗ್ ವಿದ್ಯಾರ್ಥಿಯೂ ಮೂಲನಿವಾಸಿಗಳ ಆರೋಗ್ಯ, ವಸತಿ ಶಾಲೆಗಳ ಇತಿಹಾಸ, ಒಪ್ಪಂದಗಳ ಹಕ್ಕುಗಳನ್ನು ಕಡ್ಡಾಯವಾಗಿ ಓದಬೇಕು ಎನ್ನುವುದು 24ನೆಯದು. ನನ್ನಂಥವರಿಗೆ ಕೆಲಸ ಸಿಕ್ಕಿದ್ದರ ಹಿಂದೆ ಆ ಒಂದು ಸಾಲಿದೆ.

‘ಇದೆಲ್ಲ ಹಳೆಯ ಕಥೆ, ಈಗ್ಯಾಕೆ’ ಎಂದು ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. 1907ರಲ್ಲಿ ಪೀಟರ್ ಬ್ರೈಸ್ ಎಂಬ ಸರ್ಕಾರದ ಮುಖ್ಯ ವೈದ್ಯಾಧಿಕಾರಿ, ಈ ಶಾಲೆಗಳಲ್ಲಿ ಮಕ್ಕಳು ಕ್ಷಯದಿಂದ ಸಾಯುತ್ತಿದ್ದಾರೆ, ಗಾಳಿ-ಬೆಳಕಿಲ್ಲ ಎಂದು ವರದಿ ಬರೆದಿದ್ದರು. ಸಲಹೆಗಳನ್ನು ಮೂಲೆಗೆ ಹಾಕಿದರು. ನೌಕರಿ ಬಿಟ್ಟ ಮೇಲೆ, 1922ರಲ್ಲಿ, ಅವರೇ ಅದನ್ನು ಪುಸ್ತಿಕೆ ಮಾಡಿ ಜನರ ಮುಂದಿಟ್ಟರು. ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ. ನನ್ನ ವಿದ್ಯಾರ್ಥಿಗಳ ತಾಯಂದಿರ ವಯಸ್ಸಿನವರು ಅಲ್ಲಿ ಓದಿದವರು.

ತಪ್ಪು ಕಲ್ಪನೆ: ಡಾಕ್ಟರಾಗಿರದಿದ್ದರೆ ಈ ಕ್ಷೇತ್ರಕ್ಕೆ ಬರುವಂತಿಲ್ಲ.

ವಾಸ್ತವ: ಬರಬಹುದು. ನರ್ಸಿಂಗ್, ಸಮಾಜಕಾರ್ಯ, ಕಾನೂನು, ಇತಿಹಾಸ, ಪೋಷಣೆ, ಭಾಷಾಶಾಸ್ತ್ರ, ಅಂಕಿಅಂಶಶಾಸ್ತ್ರ ಓದಿದವರೆಲ್ಲ ಇಲ್ಲಿದ್ದಾರೆ. ಡಿಗ್ರಿಗಿಂತ ಹೆಚ್ಚಾಗಿ ಬೇಕಾದದ್ದು ಕಾಯುವ ತಾಳ್ಮೆ.

ತಪ್ಪು ಕಲ್ಪನೆ: ನಾವೂ ಬ್ರಿಟಿಷರ ಕೆಳಗೆ ಇದ್ದವರು. ಅವರ ಕಷ್ಟ ನಮಗೆ ಹೇಳಿಕೊಡಬೇಕಿಲ್ಲ.

ವಾಸ್ತವ: ಇದನ್ನು ನಾನೇ ನಂಬಿ ಬಂದಿದ್ದೆ. ಬಿಟ್ಟದ್ದು ನಿಧಾನವಾಗಿ.

ವಿನಿಪೆಗ್ ಇರುವುದು 1871ರ ಒಂದನೆಯ ಒಪ್ಪಂದದ ನೆಲದ ಮೇಲೆ. ನಮ್ಮ ನಲ್ಲಿಯ ನೀರು ಬರುವುದು ದೂರದ ಶೋಲ್ ಲೇಕ್ ಸರೋವರದಿಂದ, 1919ರಿಂದ. ಆ ಕಾಲುವೆ ಕಟ್ಟುವಾಗ ಶೋಲ್ ಲೇಕ್ 40 ಎಂಬ ಅನಿಶಿನಾಬೆ ಸಮುದಾಯದ ನೆಲವನ್ನು ಕಡಿದು, ಊರನ್ನೇ ನಡುಗಡ್ಡೆ ಮಾಡಿದರು. ನಗರಕ್ಕೆ ನೂರು ವರ್ಷ ಶುದ್ಧ ನೀರು ಕೊಟ್ಟ ಸರೋವರದ ದಡದಲ್ಲಿರುವ ಆ ಜನ 1997ರಿಂದ 2021ರವರೆಗೆ, 24 ವರ್ಷ, ನೀರು ಕುದಿಸದೆ ಕುಡಿಯುವಂತಿರಲಿಲ್ಲ. ಎಲ್ಲ ಋತುವಿನಲ್ಲೂ ಓಡಾಡುವಂಥ ರಸ್ತೆ ಸಿಕ್ಕಿದ್ದು 2019ರಲ್ಲಿ. ಯುಗಾದಿಯ ಪಾನಕಕ್ಕೆ ನಾವು ಬೆರೆಸಿದ್ದು ಆ ನೀರು. ಬ್ರಿಟಿಷರು ನಮ್ಮನ್ನು ಆಳಿದರು ಎನ್ನುವುದು ನಿಜ, ಇಲ್ಲಿಗೆ ಬಂದ ಮೇಲೆ ಈ ನಲ್ಲಿಯನ್ನು ತಿರುಗಿಸುವವರು ನಾವು ಎನ್ನುವುದೂ ನಿಜ.

ಹಾಗೆ ನೋಡಿದರೆ ಊರಿನಲ್ಲೂ ನಾನು ಇದೇ ಕಡೆ ನಿಂತಿದ್ದೆ. ಓದು ಮುಗಿಸಿ ಚಾಮರಾಜನಗರ ಜಿಲ್ಲೆಯ ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದಾಗ ಬಿಳಿಗಿರಿರಂಗನ ಬೆಟ್ಟದ ಆದಿವಾಸಿಗಳಾದ ಸೋಲಿಗರ ಪೋಡುಗಳಿಗೆ (ಹಾಡಿಗಳಿಗೆ) ಹೋಗುತ್ತಿದ್ದೆ. ಡಾ. ಎಚ್. ಸುದರ್ಶನ್ 1981ರಲ್ಲಿ ಅಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಕೆಲಸ ನೋಡಿ ಬೆರಗಾದವರಲ್ಲಿ ನಾನೂ ಒಬ್ಬಳು. ಸೋಲಿಗರಲ್ಲಿ ಕುಡಗೋಲು ಕಣ ರಕ್ತಹೀನತೆ ಎಷ್ಟಿದೆ ಎಂದು ನನಗೆ ಗೊತ್ತಿತ್ತು. 1974ರಲ್ಲಿ ಕಾಡು ಅಭಯಾರಣ್ಯವಾದ ಮೇಲೆ ಅವರ ಪೋಡುಗಳನ್ನು ಕಾಡಿನೊಳಗಿಂದ ಎಬ್ಬಿಸಿದರು, ಬೇಟೆ ಮತ್ತು ಬೆಂಕಿ-ಬೇಸಾಯ ನಿಂತಿತು, ಊಟ ಬದಲಾಯಿತು ಎನ್ನುವುದನ್ನು ಕಾಯಿಲೆಯ ಜೊತೆ ಸೇರಿಸಿ ಓದಲು ನನಗೆ ಯಾರೂ ಕಲಿಸಿರಲಿಲ್ಲ. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಅವರ ಸಾಮುದಾಯಿಕ ಹಕ್ಕು ಮಾನ್ಯವಾಯಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಹಾಗಾದದ್ದು ದೇಶದಲ್ಲೇ ಮೊದಲು. ಆರೋಗ್ಯ ಇಲಾಖೆಯಲ್ಲಿ ನಮಗೆ ಅದು ಆರೋಗ್ಯದ ಸುದ್ದಿ ಎಂದು ಅನ್ನಿಸಲೇ ಇಲ್ಲ. ಈಗ ಅನ್ನಿಸುತ್ತದೆ.

ತಪ್ಪು ಕಲ್ಪನೆ: ಹೋಗಿ ಮಾಹಿತಿ ತಂದು, ಪೇಪರ್ ಬರೆದರೆ ಸಂಶೋಧನೆ ಮುಗಿಯಿತು.

ವಾಸ್ತವ: ನನ್ನ ವೃತ್ತಿಯನ್ನು ಬೇರೆ ಎಲ್ಲ ಪಾಠದ ಕೆಲಸಗಳಿಂದ ಬೇರ್ಪಡಿಸುವುದು ಇದೇ.

1980ರ ದಶಕದಲ್ಲಿ ವ್ಯಾಂಕೂವರ್ ದ್ವೀಪದ ಪಶ್ಚಿಮ ತೀರದ ನೂ-ಚಾ-ನುಲ್ತ್ ಜನಾಂಗದ 883 ಜನ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ತಳಿವಿಜ್ಞಾನಿ ರಿಕ್ ವಾರ್ಡ್ ಅವರಿಗೆ ರಕ್ತ ಕೊಟ್ಟರು. ಅವರಲ್ಲಿ ಸಂಧಿವಾತ ಹೆಚ್ಚಿತ್ತು, ಕಾರಣ ತಿಳಿಯಲಿ ಎಂದು. ಕಾರಣ ಸಿಗಲಿಲ್ಲ. ವಾರ್ಡ್ ಅಮೆರಿಕಕ್ಕೆ, ಅಲ್ಲಿಂದ ಆಕ್ಸ್‌ಫರ್ಡಿಗೆ ಹೋದರು. ರಕ್ತವೂ ಜೊತೆಯಲ್ಲಿ ಹೋಯಿತು. ಕೊಟ್ಟವರನ್ನು ಕೇಳದೆ, ಈ ಜನರ ಪೂರ್ವಜರು ಎಲ್ಲಿಂದ ವಲಸೆ ಬಂದರು ಎನ್ನುವಂಥ ಬೇರೆಯೇ ಅಧ್ಯಯನಗಳಿಗೆ ಬಳಕೆಯಾಯಿತು. ‘ನಾವು ಇಲ್ಲಿಯವರೇ’ ಎಂದು ತಮ್ಮ ಕಥೆಗಳಲ್ಲಿ ಹೇಳಿಕೊಂಡು ಬಂದವರ ರಕ್ತದಿಂದಲೇ ಅವರು ಬಂದವರೆಂದು ಬರೆದದ್ದು ಅವರಿಗೆ ಗೊತ್ತಾಗುವ ಹೊತ್ತಿಗೆ ವರ್ಷಗಳೇ ಕಳೆದಿದ್ದವು. ವಾರ್ಡ್ 2003ರಲ್ಲಿ ತೀರಿಕೊಂಡರು. 2004ರಲ್ಲಿ ರಕ್ತ ವಾಪಸ್ ಬಂತು.

ಇಂಥದ್ದು ಇದೊಂದೇ ಅಲ್ಲ. ಅದಕ್ಕಾಗಿಯೇ 1998ರಲ್ಲಿ ಫಸ್ಟ್ ನೇಷನ್ಸ್ ಆರೋಗ್ಯ ಸಮೀಕ್ಷೆಯ ಸಮಿತಿ ತನ್ನದೇ ನಿಯಮ ಬರೆಯಿತು. ಮಾಹಿತಿಯ ಒಡೆತನ, ಅದರ ಮೇಲಿನ ಹಿಡಿತ, ಅದನ್ನು ನೋಡುವ ಹಕ್ಕು, ಅದನ್ನು ಇಟ್ಟುಕೊಳ್ಳುವ ಹಕ್ಕು ನಾಲ್ಕೂ ಸಮುದಾಯದ್ದು. ಈ ನಾಲ್ಕರ ಇಂಗ್ಲಿಷ್ ಮೊದಲಕ್ಷರ ಸೇರಿಸಿ ‘ಒಕ್ಯಾಪ್’ ಎಂದು ಚಿಕ್ಕದಾಗಿ ಕರೆಯುತ್ತಾರೆ. 2010ರಿಂದ ದೇಶದ ಸಂಶೋಧನಾ ನೀತಿಸಂಹಿತೆಯ ಒಂಬತ್ತನೆಯ ಅಧ್ಯಾಯ ಪೂರ್ತಿ ಮೂಲನಿವಾಸಿಗಳ ಕುರಿತ ಸಂಶೋಧನೆಗೆ ಮೀಸಲು. ವಿಶ್ವವಿದ್ಯಾಲಯದ ನೈತಿಕ ಸಮಿತಿ ಒಪ್ಪಿದ ಮಾತ್ರಕ್ಕೆ ನಡೆಯುವುದಿಲ್ಲ, ಸಮುದಾಯವೂ ಒಪ್ಪಬೇಕು. ಮಾಂಟ್ರಿಯಲ್ ಪಕ್ಕದ ಕಾನವಾಗೆಯ ಮೋಹಾಕರು ಇದಕ್ಕೂ ಮೊದಲೇ ದಾರಿ ತೋರಿಸಿದ್ದರು. ಸಕ್ಕರೆ ಕಾಯಿಲೆಯ ಲೆಕ್ಕವನ್ನು ತಮ್ಮೂರಿನ ವೈದ್ಯರು ತಂದು ಮುಂದಿಟ್ಟಾಗ ಹಿರಿಯರು ಹೇಳಿದ್ದು, ಮಕ್ಕಳಿಗಾಗಿ ಏನಾದರೂ ಮಾಡಿ ಎಂದು. 1994ರಲ್ಲಿ ಶುರುವಾದ ಶಾಲಾ ಮಕ್ಕಳ ಯೋಜನೆಗೆ ಊರಿನವರೇ ಸಲಹಾ ಮಂಡಳಿ, ಊರಿನದೇ ನೀತಿಸಂಹಿತೆ.

ಇದನ್ನೆಲ್ಲ ಓದಿಕೊಂಡೇ ನಾನು ಎಡವಿದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಉತ್ತರದ ಒಂದು ಸಮುದಾಯಕ್ಕೆ ಸಕ್ಕರೆ ಕಾಯಿಲೆಯ ಪ್ರಶ್ನಾವಳಿ ಹಿಡಿದುಕೊಂಡು ಹೋದೆ. ನಲವತ್ತು ಪ್ರಶ್ನೆ, ಸಮಿತಿಯ ಒಪ್ಪಿಗೆ, ಹಣ ಎಲ್ಲ ಇತ್ತು. ಆರೋಗ್ಯ ಸಮಿತಿಯ ಹಿರಿಯ ಹೆಂಗಸೊಬ್ಬರು ಪ್ರಶ್ನೆಗಳನ್ನು ಪೂರ್ತಿ ಓದಿ ಮಡಿಸಿಟ್ಟು ಕೇಳಿದರು: “ಇದೇ ಪ್ರಶ್ನೆಗಳನ್ನು ಹಿಂದೆ ಒಬ್ಬರು ಬಂದು ಕೇಳಿದ್ದರು. ನಾವು ಕೊಟ್ಟ ಉತ್ತರ ಈಗ ಎಲ್ಲಿದೆ?”

ನನಗೆ ಗೊತ್ತಿರಲಿಲ್ಲ. ವಾಪಸ್ ಬಂದು ಹುಡುಕಿದೆ. ಒಂದು ಪತ್ರಿಕೆಯಲ್ಲಿ ಪ್ರಕಟವಾಗಿತ್ತು, ಹಣ ಕಟ್ಟದೆ ಓದಲು ಬರುತ್ತಿರಲಿಲ್ಲ. ಅದನ್ನು ಮುದ್ರಿಸಿಕೊಂಡು ಮತ್ತೆ ಹೋದೆ. ಆಮೇಲೆ ಒಂದೂವರೆ ವರ್ಷ ನಾನು ಮಾಡಿದ್ದು ಹೋಗುವುದು, ಕೂರುವುದು, ಸಭೆಗೆ ಚಹಾ ಮಾಡುವುದು, ಬರುವುದು. ವಿಭಾಗದಲ್ಲಿ ವರ್ಷಕ್ಕೆಷ್ಟು ಪೇಪರ್ ಎಂದು ಲೆಕ್ಕ ಕೇಳುವ ನಮೂನೆಯಲ್ಲಿ ಇದಕ್ಕೆ ಕಾಲಂ ಇರಲಿಲ್ಲ. ಕಾಯಂ ಹುದ್ದೆಯ ಗಡುವು ಹತ್ತಿರ ಬರುತ್ತಿದ್ದಾಗ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಈ ದಾರಿಗೆ ಬರುವ ಕನ್ನಡದ ಹುಡುಗ-ಹುಡುಗಿಯರಿಗೆ ಇದನ್ನು ಮುಚ್ಚಿಡುವುದು ತಪ್ಪು.

ಕೊನೆಗೆ ಪ್ರಶ್ನೆಯನ್ನು ಅವರೇ ಕೊಟ್ಟರು. ಅದು ಸಕ್ಕರೆ ಕಾಯಿಲೆಯದಲ್ಲ, ಹೆರಿಗೆಯದು. ಅಲ್ಲಿನ ಬಸುರಿಯರು ಹೆರಿಗೆಗೆ ವಾರಗಳ ಮೊದಲೇ ಒಂಟಿಯಾಗಿ ವಿಮಾನ ಹತ್ತಿ ನಗರಕ್ಕೆ ಬರಬೇಕು. ಲಾಡ್ಜಿನಲ್ಲಿ ಕಾದು, ಗುರುತಿಲ್ಲದವರ ನಡುವೆ ಹೆರಬೇಕು. ತವರಿನಲ್ಲಿ ಚೊಚ್ಚಿಲ ಹೆರಿಗೆ ಎಂಬ ಮಾತನ್ನು ಹುಟ್ಟಿನಿಂದ ಕೇಳಿದ ನನಗೆ ಇದು ಹೇಗೆ ಹೊಳೆಯದೆ ಹೋಯಿತೋ. ಉತ್ತರ ಕ್ವಿಬೆಕ್‌ನ ಪುವಿರ್ನಿಟುಕ್‌ನಲ್ಲಿ ಇನ್ಯೂಯಿಟ್ ಹೆಂಗಸರು 1986ರಲ್ಲೇ ಹೆರಿಗೆಯನ್ನು ಊರಿಗೆ ಮರಳಿ ತಂದಿದ್ದರು, ತಮ್ಮವರನ್ನೇ ಸೂಲಗಿತ್ತಿಯರನ್ನಾಗಿ ತರಬೇತು ಮಾಡಿ. ನಮಗೂ ಅದು ಬೇಕು, ಅದಕ್ಕೆ ಬೇಕಾದ ಲೆಕ್ಕ ಹಾಕಿಕೊಡು ಎಂದರು.

ಮೂರು ವರ್ಷ ಕೆಲಸ ಮಾಡಿದೆವು. ಕೇಳಿದವರು ಊರಿನ ಹೆಣ್ಣುಮಕ್ಕಳು, ಉತ್ತರಿಸಿದವರೂ ಅವರೇ. ನಾನು ಲೆಕ್ಕ ಮಾಡಿದೆ, ಕರಡು ಬರೆದೆ, ಅವರು ತಿದ್ದಿದರು. ಎರಡು ಪುಟ ಪೂರ್ತಿ ಹೊಡೆದುಹಾಕಿದರು, ಅವು ಹೊರಗೆ ಹೋಗುವ ಮಾತಲ್ಲ ಎಂದು. ಮಾಹಿತಿಯೆಲ್ಲ ಈಗ ಅವರ ಆರೋಗ್ಯ ಕೇಂದ್ರದ ಬೀರುವಿನಲ್ಲಿದೆ, ಬೀಗದ ಕೈ ಅವರ ಹತ್ತಿರ. ಹೊಸದೊಂದು ಲೇಖನಕ್ಕೆ ಅದರಿಂದ ಒಂದು ಕೋಷ್ಟಕ ಬೇಕಾಗಿತ್ತು. ಹೋದ ತಿಂಗಳು ಪತ್ರ ಬರೆದು ಕೇಳಿದ್ದೇನೆ. ಸಭೆ ಸೇರಿ ತಿಳಿಸುತ್ತೇವೆ ಎಂದಿದ್ದಾರೆ.